ಸಾಹೇಬ್ರು ಬಂದಿಲ್ಲೇನ್ರೀ?

ಕಾರು ಶೋರೂಮುಗಳ ಗೋಡೆಯ ಮೇಲೆ, ಈಗೀಗ ಅವರ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ, ಒಂದು ಚಿತ್ರ ತಪ್ಪದೇ ಇರುತ್ತದೆ. ಚೆಂಡುಹೂವಿನ ಹಾರ ಹಾಕಿಕೊಂಡ ಹೊಸ ಕಾರು, ಚಕ್ರದ ಕೆಳಗೆ ನಿಂಬೆಹಣ್ಣು, ರಟ್ಟಿನಲ್ಲಿ ಮಾಡಿದ ಮೊಳದುದ್ದದ ಕೀಲಿ. ಕೀಲಿ ಗಂಡನ ಕೈಯಲ್ಲಿ, ಆರತಿ ತಟ್ಟೆ ಹೆಂಡತಿಯ ಕೈಯಲ್ಲಿ. ತಿಂಗಳ ಕಂತು ಯಾರ ಸಂಬಳದ ಖಾತೆಯಿಂದ ಹೋಗುತ್ತದೆ ಎಂಬುದು ಫೋಟೊದಲ್ಲಿ ಕಾಣುವುದಿಲ್ಲ.

ಕೆಂಭಾವಿಯಂಥ ಊರಿನಲ್ಲಿ ಆ ಖಾತೆ ಹೆಣ್ಣುಮಗಳದ್ದೇ ಆಗಿರುವುದು ಈಗ ಅಪರೂಪವೇನಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ ತಾಲ್ಲೂಕಿನ ಈ ಭಾಗದಲ್ಲಿ ಭತ್ತದ, ಹತ್ತಿಯ ದುಡ್ಡು ಓಡಾಡತೊಡಗಿತು. ಸಂವಿಧಾನದ 371ಜೆ ಕಲಮು 2013ರಲ್ಲಿ ಜಾರಿಯಾದ ಬಳಿಕ ಶಾಲೆ, ಆಸ್ಪತ್ರೆ, ಕಚೇರಿಗಳ ನೇಮಕಾತಿಯಲ್ಲಿ ಇಲ್ಲಿಯವರಿಗೆ ಮೀಸಲು ದೊರೆಯಿತು. ಶಿಕ್ಷಕಿಯರು, ನರ್ಸುಗಳು, ಬ್ಯಾಂಕಿನ ಕ್ಲರ್ಕುಗಳು, ಬಟ್ಟೆ ಅಂಗಡಿ ಇಟ್ಟವರು ಮೊದಲು ಸ್ಕೂಟಿ ಕೊಂಡರು. ಈಗ ಕಾರಿನ ಮಾತಾಡುತ್ತಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ನಿಜ. ಆದರೆ ಹಳ್ಳಿಯ ಶಾಲೆ ಬಿಡುವ ಹೊತ್ತಿಗೂ ಬಸ್ಸು ಬರುವ ಹೊತ್ತಿಗೂ ತಾಳೆಯಾಗದಿದ್ದರೆ ಪುಕ್ಕಟೆ ಟಿಕೆಟ್ಟು ಏನು ಮಾಡೀತು?

ಕಾರು ಕೊಳ್ಳಲು ಇಲ್ಲಿಂದ ಶಹಾಪುರಕ್ಕೋ ಯಾದಗಿರಿಗೋ ಕಲಬುರಗಿಗೋ ಹೋಗಬೇಕು; ಪಡುವಣಕ್ಕೆ ಹೊರಟರೆ ವಿಜಯಪುರಕ್ಕೆ. ಒಂದು ದಿನದ ರಜೆ ಹಾಕಿ, ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಹೋದವಳಿಗೆ ಬರಿಗೈಲಿ ವಾಪಸಾಗಲು ಮನಸ್ಸಾಗುವುದಿಲ್ಲ. ಇದು ಮಾರುವವನಿಗೆ ಚೆನ್ನಾಗಿ ಗೊತ್ತು. ಗಾಜಿನ ಬಾಗಿಲು ತೆರೆದು, ತಣ್ಣೀರು ಕೊಟ್ಟು, ಅವನು ಕೇಳುವ ಮೊದಲ ಪ್ರಶ್ನೆ: “ಸಾಹೇಬ್ರು ಬಂದಿಲ್ಲೇನ್ರೀ, ಮೇಡಂ?”

ಕೇಳುವವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ. ಆದರೆ ಆ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಮುಂದಿನ ಒಂದು ತಾಸಿನ ಮಾತುಕತೆಯ ದಾರಿ ನಿಶ್ಚಯವಾಗುತ್ತದೆ. ಸಾಹೇಬರು ಜೊತೆಗಿದ್ದರೆ ಮೈಲೇಜು, ಎಂಜಿನ್, ಡಿಸ್ಕೌಂಟಿನ ಮಾತು ಅವರ ಜೊತೆ. ಮೇಡಂ ಜೊತೆ ಬಣ್ಣದ ಮಾತು, ಕನ್ನಡಿಯ ಮಾತು, “ಪಾರ್ಕಿಂಗ್ ಕ್ಯಾಮೆರಾ ಐತ್ರೀ, ಹೆಣ್ಮಕ್ಕಳಿಗೆ ಭಾಳ ಚಲೋ” ಎಂಬ ಮಾತು. ಜೊತೆಗಿಲ್ಲದಿದ್ದರೆ ದರದ ಮಾತೇ ಮುಂದಕ್ಕೆ ಹೋಗುತ್ತದೆ. ದರ ಬರೆದ ಹಾಳೆ ಯಾರ ಕೈಗೆ ಬರುತ್ತದೆ ಎಂಬುದೇ ಇಲ್ಲಿನ ಅಸಲು ಪ್ರಶ್ನೆ.

ಇದು ಈ ಸೀಮೆಯ ಕಾಯಿಲೆ ಮಾತ್ರವೂ ಅಲ್ಲ. ಅಮೆರಿಕದ ಕಾನೂನು ಪ್ರಾಧ್ಯಾಪಕ ಇಯಾನ್ ಏರ್ಸ್ ಷಿಕಾಗೊ ಸುತ್ತಲಿನ ಕಾರು ಡೀಲರುಗಳ ಬಳಿಗೆ ಒಂದೇ ಬಗೆಯಾಗಿ ಮಾತಾಡಲು ತರಬೇತಾದ ಗಂಡಸರನ್ನೂ ಹೆಂಗಸರನ್ನೂ ಕಳಿಸಿ, ಬಂದ ಫಲಿತಾಂಶವನ್ನು 1991ರಲ್ಲಿ ಹಾರ್ವರ್ಡ್ ಲಾ ರಿವ್ಯೂದಲ್ಲಿ ಪ್ರಕಟಿಸಿದರು. ಬಿಳಿಯ ಗಂಡಸಿಗೆ ಹೇಳಿದ ದರದಲ್ಲಿ ಡೀಲರನಿಗೆ ಉಳಿಯುವ ಲಾಭಕ್ಕಿಂತ ಬಿಳಿಯ ಹೆಂಗಸಿಗೆ ಹೇಳಿದ ದರದ ಲಾಭ ಸುಮಾರು ಶೇ 40ರಷ್ಟು ಹೆಚ್ಚಿತ್ತು. ಕಪ್ಪು ಹೆಂಗಸಿನದು ಮೂರು ಪಟ್ಟಿಗೂ ಮಿಕ್ಕಿತ್ತು. ಆಮೇಲೆ ಬಂದ ಅಧ್ಯಯನಗಳೆಲ್ಲ ಇದನ್ನೇ ಹೇಳಲಿಲ್ಲ. 1996ರ ಒಂದು ಲೆಕ್ಕದಲ್ಲಿ ಇಂಥ ಅಂತರ ಸ್ಪಷ್ಟವಾಗಿ ಕಾಣಲೇ ಇಲ್ಲ. ಆದರೆ ಹೆಚ್ಚು ಉಪಯೋಗಕ್ಕೆ ಬರುವುದು ಮೂರನೆಯದೊಂದು ಪ್ರಯೋಗ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಗ್ಯಾರೇಜುಗಳಿಗೆ ಫೋನ್ ಮಾಡಿಸಿ, ಟೊಯೊಟಾ ಕ್ಯಾಮ್ರಿಯ ರೇಡಿಯೇಟರ್ ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿಸಿದರು. ದರ ಗೊತ್ತಿಲ್ಲ ಎಂದ ಗಂಡಸರಿಗೆ ಸರಾಸರಿ 383 ಡಾಲರ್ ಹೇಳಿದ ಗ್ಯಾರೇಜಿನವರು ಹೆಂಗಸರಿಗೆ 406 ಹೇಳಿದರು. “365 ಡಾಲರ್ ಆಗುತ್ತದಂತಲ್ಲ” ಎಂದು ಮಾರುಕಟ್ಟೆ ದರವನ್ನು ಮೊದಲೇ ಬಾಯಿಬಿಟ್ಟವರಿಗೆ ಗಂಡು ಹೆಣ್ಣಿನ ಭೇದವೇ ಇರಲಿಲ್ಲ. ಎಂಜಿನ್ನಿನ ವಿದ್ಯೆ ಬೇಕಾಗಲಿಲ್ಲ. ಒಂದು ಅಂಕಿ ಸಾಕಾಯಿತು.

ಈ ವಿದ್ಯೆ ಕೆಂಭಾವಿಯ ಹೆಣ್ಣುಮಕ್ಕಳಿಗೆ ಹೊಸದೇ? ಸರಾಫ ಅಂಗಡಿಯಲ್ಲಿ ಕುಳಿತ ಗೃಹಿಣಿಯನ್ನು ನೋಡಬೇಕು. ಇವತ್ತಿನ ಬಂಗಾರದ ರೇಟು ಎಷ್ಟು, ಮಜೂರಿ ಎಷ್ಟು, ವೇಸ್ಟೇಜ್ ಯಾಕೆ ಇಷ್ಟು, ಹರಳಿನ ತೂಕ ಕಳೆದಿರೋ ಇಲ್ಲವೋ ಎಂದು ಒಂದೊಂದನ್ನೂ ಬಿಡಿಸಿ ಕೇಳುತ್ತಾಳೆ. “ಎಲ್ಲಾ ಸೇರಿ ಇಷ್ಟ್ರೀ” ಎಂದರೆ ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾಳೆ. ಅದೇ ಹೆಣ್ಣುಮಗಳು ಕಾರು ಶೋರೂಮಿನಲ್ಲಿ “ಆನ್‌ರೋಡ್ ಇಷ್ಟ್ರೀ ಮೇಡಂ” ಎಂಬ ಒಂದೇ ಸಾಲಿಗೆ ತಲೆಯಾಡಿಸುವುದು ಯಾಕೆ? ಆನ್‌ರೋಡ್ ಎಂಬುದೂ ಬಂಗಾರದ ಬಿಲ್ಲಿನಂತೆಯೇ ಕೂಡಿಸಿದ ಮೊತ್ತ. ಬಿಡಿಸಿದರೆ ಬಿಚ್ಚಿಕೊಳ್ಳುತ್ತದೆ.

ಬಿಡಿಸಿ ನೋಡೋಣ. ಎಕ್ಸ್‌ಶೋರೂಂ ಬೆಲೆ 7 ಲಕ್ಷ ರೂಪಾಯಿಯ ಒಂದು ಪೆಟ್ರೋಲ್ ಕಾರು ಎಂದುಕೊಳ್ಳಿ. ಜಿಎಸ್‌ಟಿ ಈ ಬೆಲೆಯ ಒಳಗೇ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ, ಅಂದರೆ 4 ಮೀಟರಿಗಿಂತ ಉದ್ದವಿಲ್ಲದ, 1,200 ಸಿಸಿ ಮೀರದ ಪೆಟ್ರೋಲ್ ಮತ್ತು 1,500 ಸಿಸಿ ಮೀರದ ಡೀಸೆಲ್ ಕಾರುಗಳಿಗೆ, ಈ ತೆರಿಗೆ ಶೇ 28ರಿಂದ 18ಕ್ಕೆ ಇಳಿದು, ಮೇಲಿನ ಸೆಸ್ಸೂ ಹೋಯಿತು. ಅದಕ್ಕೂ ಹಿಂದಿನ ದರಪಟ್ಟಿ ಯಾರಾದರೂ ತೋರಿಸಿದರೆ ಪಕ್ಕಕ್ಕಿಡಿ. ಇನ್ನು ರಾಜ್ಯದ ಜೀವಿತಾವಧಿ ತೆರಿಗೆ. ಕರ್ನಾಟಕದಲ್ಲಿ ಇದು 5 ಲಕ್ಷದವರೆಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರಾಚೆ ಶೇ 18 ಎಂದು ನಡೆದು ಬಂದಿದೆ. ಆ ತೆರಿಗೆಯ ಮೇಲೆ ಶೇ 11 ಸೆಸ್. ನಮ್ಮ 7 ಲಕ್ಷದ ಕಾರಿಗೆ 98,000 ತೆರಿಗೆ, 10,780 ಸೆಸ್, ಒಟ್ಟು 1,08,780 ರೂಪಾಯಿ. ದೇಶದಲ್ಲೇ ಭಾರವಾದ ತೆರಿಗೆಗಳಲ್ಲಿ ಇದೂ ಒಂದು, ಆದರೆ ಅದನ್ನು ಡೀಲರನ ಮೇಲೆ ಹೊರಿಸಿ ಫಲವಿಲ್ಲ. ಹೊರಿಸಬೇಕಾದ್ದು ಇದರಾಚೆಗಿನದನ್ನು. ನೋಂದಣಿ ಶುಲ್ಕ ಎಂದು ಕಾರಿಗೆ ಸರ್ಕಾರ ಪಡೆಯುವುದು 600 ರೂಪಾಯಿ, ಸಾಲವಿದ್ದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಲು 1,500, ಕಾರ್ಡಿಗೆ ಇನ್ನಿಷ್ಟು. ಕೊಟೇಶನ್ನಿನಲ್ಲಿ “ಆರ್‌ಟಿಒ ಖರ್ಚು” ಎಂದು ಒಂದೇ ಗಂಟಾಗಿ ದುಂಡನೆಯ ಅಂಕಿ ಬರೆದಿದ್ದರೆ, ತೆರಿಗೆ ಬೇರೆ ಶುಲ್ಕ ಬೇರೆ ಮಾಡಿ ಬರೆಯಲು ಹೇಳಬಹುದು. ಕಟ್ಟಿದ ತೆರಿಗೆಯ ರಸೀತಿ ಸರ್ಕಾರದ ಪರಿವಾಹನ್ ಜಾಲತಾಣದಿಂದಲೇ ಬರುತ್ತದೆ, ಅದನ್ನೂ ಕೇಳಿ ಪಡೆಯಬಹುದು.

ಕೆಳಗೆಲ್ಲೋ ಒಂದು ಸಾಲಿನಲ್ಲಿ “ಹ್ಯಾಂಡ್ಲಿಂಗ್” ಅಥವಾ “ಲಾಜಿಸ್ಟಿಕ್ಸ್” ಎಂದು ಕೂತಿರುತ್ತದೆ. ಹೊಲದ ಮನೆಯಿಂದ ಬಂದವಳಿಗೆ ಇದು ಒಂದು ಮಾತಿನಲ್ಲಿ ತಿಳಿಯುತ್ತದೆ: ಹಮಾಲಿ. ಅಡತಿ ಪಟ್ಟಿಯಲ್ಲಿ ಹಮಾಲಿ ಹಿಡಿಯುವುದು ಅವಳು ಬಾಲ್ಯದಿಂದ ನೋಡಿದ್ದೇ. ಆದರೆ ಕಾರನ್ನು ಕಾರ್ಖಾನೆಯಿಂದ ಶೋರೂಮಿಗೆ ತಂದ ಖರ್ಚು ಎಕ್ಸ್‌ಶೋರೂಂ ಬೆಲೆಯಲ್ಲೇ ಬಂದಿದೆ. ಆ ಪದದ ಅರ್ಥವೇ ಅದು. ಸರ್ಕಾರದ ಯಾವ ಶುಲ್ಕಪಟ್ಟಿಯಲ್ಲೂ ಈ ಹಮಾಲಿಗೆ ಜಾಗವಿಲ್ಲ. ತೆಗೆಯಿರಿ ಎಂದರೆ ತೆಗೆಯುತ್ತಾರೆ. ತೆಗೆಯದಿದ್ದರೆ ಅದನ್ನು ಯಾವ ನಿಯಮದಡಿ ಪಡೆಯುತ್ತೀರಿ ಎಂದು ಬರೆದು ಕೊಡಲು ಹೇಳಿದರೆ ಸಾಕು, ಪೆನ್ನು ಹುಡುಕುವುದರೊಳಗೆ ಸಾಲು ಅಳಿದಿರುತ್ತದೆ. ಅದರ ಕೆಳಗೆ “ಎಸೆನ್ಶಿಯಲ್ ಕಿಟ್”: ಮ್ಯಾಟು, ಮಡ್‌ಫ್ಲ್ಯಾಪು, ಕೀಲಿಗೊಂಚಲು, ಸುಗಂಧದ ಶೀಸೆ. ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಬಿಡಬಹುದು. ಎರೆಮಣ್ಣಿನ ಸೀಮೆಯಲ್ಲಿ ಮಡ್‌ಫ್ಲ್ಯಾಪು ಬೇಕೇ ಬೇಕು, ಸುಗಂಧದ ಶೀಸೆ ಇಲ್ಲದೆಯೂ ಕಾರು ಓಡುತ್ತದೆ.

ಹೆಚ್ಚು ಹಣ ಸೋರುವ ಜಾಗ ವಿಮೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್‌ಪಾರ್ಟಿ ವಿಮೆ ಕಡ್ಡಾಯ. ಅದರ ದರ ಸರ್ಕಾರವೇ ಗೊತ್ತು ಮಾಡಿದ್ದು. 2022ರ ಜೂನ್‌ನಲ್ಲಿ ಜಾರಿಯಾದ ಪಟ್ಟಿಯಂತೆ 1,000 ಸಿಸಿ ಒಳಗಿನ ಕಾರಿಗೆ 6,521 ರೂಪಾಯಿ, 1,500 ಸಿಸಿವರೆಗೆ 10,640, ಅದರ ಮೇಲೆ 24,596, ತೆರಿಗೆ ಬೇರೆ. ಇದರಲ್ಲಿ ಯಾರೂ ರಿಯಾಯಿತಿ ಕೊಡಲಾರರು. ಚೌಕಾಸಿಗೆ ಎಡೆಯಿರುವುದು ಸ್ವಂತ ಹಾನಿಯ ಭಾಗದಲ್ಲಿ. ಶೋರೂಮಿನಲ್ಲೇ ವಿಮೆ ಮಾಡಿಸಬೇಕು, ಇಲ್ಲದಿದ್ದರೆ ಡೆಲಿವರಿ ತಡವಾಗುತ್ತದೆ ಎಂಬುದು ಹಳೆಯ ಬೆದರಿಕೆ. ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ನಿಯಮ ಮಾಡಿ, ಇಂಥ ಕಂಪನಿಯಿಂದಲೇ ವಿಮೆ ಪಡೆಯಬೇಕೆಂದು ಡೀಲರು ಒತ್ತಾಯಿಸುವಂತಿಲ್ಲ ಎಂದಿದೆ. ಹೊರಗೆ ಎರಡು ಕಡೆ ದರ ವಿಚಾರಿಸಿ ಆ ಹಾಳೆಯನ್ನು ಮೇಜಿನ ಮೇಲಿಟ್ಟರೆ ಒಳಗಿನ ದರ ತಾನಾಗಿ ಬಗ್ಗುತ್ತದೆ. ಬರೀ ಅಗ್ಗವನ್ನೇ ನೋಡಬಾರದು, ಒಳಗೆ ಏನಿದೆ ಎಂದೂ ನೋಡಬೇಕು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ಮಾತ್ರ ಸಿಗುತ್ತದೆ. ಇಂದಿನ ಕಾರಿನ ಬಂಪರೆಲ್ಲ ಪ್ಲಾಸ್ಟಿಕ್ಕೇ. ಆದ್ದರಿಂದ ಮೊದಲ ಕೆಲ ವರ್ಷ ಸವಕಳಿ ಕಳೆಯದ “ಝೀರೊ ಡೆಪ್ರಿಸಿಯೇಶನ್” ಸೇರಿಸಿಕೊಳ್ಳುವುದು ಒಳಿತು. ಮಳೆಗಾಲದಲ್ಲಿ ಹಳ್ಳ ದಾಟುವ ದಾರಿ ಇದ್ದವರು ಎಂಜಿನ್ ರಕ್ಷಣೆಯನ್ನೂ ಕೇಳಬೇಕು, ಯಾಕೆಂದರೆ ನೀರು ಹೊಕ್ಕ ಎಂಜಿನ್ನನ್ನು ಬರಿಯ ಪಾಲಿಸಿ ತನ್ನದೆಂದು ಒಪ್ಪುವುದಿಲ್ಲ.

ಸಾಲದ ಮೇಜಿನಲ್ಲಿ ಮಾತು ಬಡ್ಡಿಯಿಂದ ಕಂತಿಗೆ ಜಾರುತ್ತದೆ. “ತಿಂಗಳಿಗೆ ಎಷ್ಟು ಕೊಡಬಲ್ಲಿರಿ ಮೇಡಂ?” ಎಂದು ಮೆತ್ತಗೆ ಕೇಳುತ್ತಾರೆ. ಹೇಳಿದಿರೋ, ಆ ಅಂಕಿಗೆ ತಕ್ಕಂತೆ ವರ್ಷಗಳನ್ನು ಎಳೆಯುತ್ತಾರೆ. 6 ಲಕ್ಷ ಸಾಲಕ್ಕೆ ಶೇ 9ರ ಇಳಿಕೆ ಬಡ್ಡಿಯಲ್ಲಿ 5 ವರ್ಷಕ್ಕೆ ಕಂತು ಸುಮಾರು 12,455 ರೂಪಾಯಿ, ಒಟ್ಟು ಬಡ್ಡಿ 1,47,000ದ ಆಸುಪಾಸು. ಅದನ್ನೇ 7 ವರ್ಷಕ್ಕೆ ಎಳೆದರೆ ಕಂತು 9,653ಕ್ಕೆ ಇಳಿದು ಹಗುರಾಗಿ ಕಾಣುತ್ತದೆ. ಬಡ್ಡಿ 2,10,000 ದಾಟುತ್ತದೆ. ಇನ್ನು “ಫ್ಲ್ಯಾಟ್ ಶೇ 9” ಎಂಬ ಮಾತು ಬಂದರೆ ಕುರ್ಚಿಯಲ್ಲಿ ನೆಟ್ಟಗೆ ಕೂರಬೇಕು. ಅಲ್ಲಿ ತೀರಿಸಿದ ಅಸಲಿಗೂ ಬಡ್ಡಿ ನಡೆಯುತ್ತಲೇ ಇರುತ್ತದೆ: ಅದೇ 6 ಲಕ್ಷಕ್ಕೆ 5 ವರ್ಷದಲ್ಲಿ 2,70,000. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಎಲ್ಲ ಖರ್ಚನ್ನೂ ಸೇರಿಸಿದ ವಾರ್ಷಿಕ ದರ ತೋರಿಸುವ ಮುಖ್ಯಾಂಶಗಳ ಹಾಳೆಯನ್ನು ಸಾಲಗಾರರಿಗೆ ಕೊಡಲೇಬೇಕು. ಸಹಿ ಮಾಡುವ ಮುನ್ನ ಅದೊಂದನ್ನು ಕೇಳಿ. ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿಕೊಂಡು ಹೋದರೆ ಇನ್ನೂ ಲೇಸು. ಕೆಲವು ಬ್ಯಾಂಕುಗಳು ಮಹಿಳೆಯರಿಗೆ ಬಡ್ಡಿಯಲ್ಲಿ ಕೊಂಚ ಬಿಡುತ್ತವೆ, ಕೇಳದೆ ಅವರಾಗಿ ಹೇಳುವುದು ಕಡಿಮೆ.

ಹತ್ತಿ ಮಾರಿದ ನಗದನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗುವ ಕಾಲ ಮುಗಿದಿದೆ. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದವನಿಗೆ ಅಷ್ಟೇ ಮೊತ್ತದ ದಂಡ. ಮುಂಗಡವನ್ನು ಸೇಲ್ಸ್ ಹುಡುಗನ ಸ್ವಂತ ಫೋನ್‌ಪೇಗೆ ಹಾಕುವುದಂತೂ ಬೇಡವೇ ಬೇಡ, ಅವನು ಎಷ್ಟೇ ಊರ ಕಡೆಯವನಾಗಿರಲಿ. ಸಂಸ್ಥೆಯ ಖಾತೆಗೆ ಹಾಕಿ, ರಸೀತಿಯಲ್ಲಿ ಮಾಡೆಲ್, ವೇರಿಯಂಟ್, ಬಣ್ಣ, ದರ, ಡೆಲಿವರಿ ದಿನ, ಬುಕಿಂಗ್ ರದ್ದಾದರೆ ಎಷ್ಟು ವಾಪಸ್ ಎಂಬುದನ್ನು ಬರೆಸಬೇಕು.

ಇಷ್ಟೆಲ್ಲ ಕೇಳಿಯೂ ದರ ಕುದುರದಿದ್ದರೆ? ಇಲ್ಲಿ ಕೆಂಭಾವಿಗೆ ಅದರದೇ ಒಂದು ಹಳೆಯ ಕಥೆ ಇದೆ. ಅಸ್ಪೃಶ್ಯನ ವೇಷದಲ್ಲಿ ಬಂದ ಶಿವನನ್ನು ಮನೆಯೊಳಗೆ ಕರೆದು ಉಣಬಡಿಸಿದ ತಪ್ಪಿಗೆ ಶರಣ ಕೆಂಭಾವಿ ಭೋಗಣ್ಣನನ್ನು ಊರವರು ಹೊರಗಟ್ಟುತ್ತಾರೆ. ಆತ ಚೌಕಾಸಿ ಮಾಡಲಿಲ್ಲ, ಎದ್ದು ಹೊರಟ. ಊರಿನ ಲಿಂಗಗಳೆಲ್ಲ ಗುಡಿ ಬಿಟ್ಟು ಆತನ ಹಿಂದೆ ಹೊರಟವು, ಆಮೇಲೆ ಊರೇ ಓಡಿಬಂದು ಕರೆಯಿತು. ಭಕ್ತಿಯ ಕಥೆಯನ್ನು ಶೋರೂಮಿಗೆ ಎಳೆತಂದದ್ದಕ್ಕೆ ಶರಣರ ಕ್ಷಮೆ ಇರಲಿ. ಆದರೆ ಎದ್ದು ಹೊರಡುವವರ ಹಿಂದೆ ಬರುವವರು ಇದ್ದೇ ಇರುತ್ತಾರೆ, ವಿಶೇಷವಾಗಿ ಮಾರ್ಚ್ ಮತ್ತು ಡಿಸೆಂಬರ್ ಕೊನೆಯ ವಾರದಲ್ಲಿ. ಯುಗಾದಿ, ದಸರಾ, ದೀಪಾವಳಿಯ ಮುಂದೆ ಕೊಳ್ಳುವವರೇ ಸಾಲುಗಟ್ಟುವುದರಿಂದ ಆಗ ಡೀಲರನ ಗತ್ತು ಬೇರೆ. ಹಬ್ಬಕ್ಕೆ ಕಾರು ಮನೆಗೆ ಬರಬೇಕೆಂದಿದ್ದರೆ ಮಾತುಕತೆಯನ್ನು ಒಂದು ತಿಂಗಳು ಮೊದಲೇ ಮುಗಿಸಿಕೊಳ್ಳುವುದು ಜಾಣತನ. ಮೊದಲ ದಿನ ದರಪಟ್ಟಿ ಪಡೆದು ಊರಿಗೆ ಮರಳುವುದು, ಎರಡನೇ ಊರಿನ ಡೀಲರಿಗೆ ಅದರ ಫೋಟೊ ಕಳಿಸಿ ಅವನ ದರ ಕೇಳುವುದು, ಮೂರನೇ ಮಾತನ್ನು ಫೋನಿನಲ್ಲೇ ಆಡುವುದು. ದೂರದ ಊರಿನವಳು ಎಂಬ ಕೊರತೆ ಹೀಗೆ ಅರ್ಧ ನೀಗುತ್ತದೆ. ಎಲ್ಲಿ ಕೊಂಡರೂ ನಂಬರು ಮಾತ್ರ ಯಾದಗಿರಿಯ ಕೆಎ-33 ಬೇಕೆಂದರೆ ಅದಕ್ಕೆ ಅಡ್ಡಿಯಿಲ್ಲ.

ಹಳೆಯ ಕಾರು ಕೊಟ್ಟು ಹೊಸದು ತರುವವರು ಎರಡು ವ್ಯವಹಾರವನ್ನು ಕಲಸಬಾರದು. ಹೊಸದರ ದರ ನಿಂತ ಮೇಲೆ ಹಳೆಯದರ ಮಾತೆತ್ತಬೇಕು. ಕೊಟ್ಟ ಕಾರಿನ ಆರ್‌ಸಿ ಮುಂದಿನವನ ಹೆಸರಿಗೆ ಆಗುವ ತನಕ ಬೆನ್ನು ಬಿಡಬಾರದು. ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಟೆಸ್ಟ್ ಡ್ರೈವ್ ಎಂಬುದನ್ನು ನಮ್ಮಲ್ಲಿ ಗಂಡಸರು ಮಾಡುತ್ತಾರೆ, ಹೆಂಗಸರು ಹಿಂದೆ ಕೂತು “ಚಲೋ ಐತಿ” ಎನ್ನುತ್ತಾರೆ. ಓಡಿಸುವವಳು ಸ್ಟೀರಿಂಗ್ ಹಿಡಿಯದೆ ಕಾರು ನಿಶ್ಚಯಿಸುವುದು ಕಾಲಿಗೆ ಹಾಕದೆ ಚಪ್ಪಲಿ ಕೊಂಡ ಹಾಗೆ. ದಿನಾ ಸೀರೆ ಉಡುವವಳು ಸೀರೆಯಲ್ಲೇ ಹೋಗಬೇಕು, ದಿನಾ ಹಾಕುವ ಚಪ್ಪಲಿಯಲ್ಲೇ ಕ್ಲಚ್ ಒತ್ತಿ ನೋಡಬೇಕು. ಎತ್ತರ ಕಡಿಮೆಯಿದ್ದವರು ಸೀಟನ್ನು ಮುಂದಕ್ಕೆಳೆದು ಸ್ಟೀರಿಂಗಿಗೆ ಎದೆ ತಾಗಿಸಿಕೊಂಡು ಕೂರುವುದು ರೂಢಿ. ಏರ್‌ಬ್ಯಾಗ್ ಸಿಡಿಯುವ ವೇಗಕ್ಕೆ ಎದೆಗೂ ಸ್ಟೀರಿಂಗಿಗೂ 25 ಸೆಂಟಿಮೀಟರ್ ಅಂತರ ಬೇಕು ಎನ್ನುತ್ತದೆ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ. ಸೀಟು ಎತ್ತರಿಸುವ ಹಿಡಿ ಇದ್ದರೆ ಈ ಅಂತರ ಸುಲಭವಾಗಿ ಸಿಗುತ್ತದೆ, ಅದು ಹಲವು ಮಾಡೆಲ್‌ಗಳಲ್ಲಿ ಕೆಳಗಿನ ವೇರಿಯಂಟಿಗೆ ಇರುವುದಿಲ್ಲ. ಸನ್‌ರೂಫಿಗೆ ಹಾಕುವ ದುಡ್ಡನ್ನು ಈ ಹಿಡಿಗೆ ಹಾಕುವುದು ಮೇಲು. ನಲವತ್ತು ಡಿಗ್ರಿ ದಾಟುವ ಸೀಮೆಯಲ್ಲಿ ನೆತ್ತಿಯ ಮೇಲೆ ಗಾಜಿನ ಕಿಂಡಿ ಯಾರಿಗೆ ಬೇಕೋ!

ಸುರಕ್ಷತೆಯ ಮಾತನ್ನು ಬೆಡಗಿನ ಮಾತು ನುಂಗಬಾರದು. ಸೀಟ್‌ಬೆಲ್ಟ್ ಹಾಕಿದ ಚಾಲಕರಲ್ಲಿ, ಒಂದೇ ಬಗೆಯ ಡಿಕ್ಕಿಯಲ್ಲಿ ಹೆಂಗಸರಿಗೆ ತೀವ್ರ ಗಾಯವಾಗುವ ಸಂಭವ ಗಂಡಸರಿಗಿಂತ ಶೇ 47 ಹೆಚ್ಚು ಎಂದು ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಅಮೆರಿಕದ ಅಪಘಾತಗಳ ಲೆಕ್ಕದಿಂದ ತೋರಿಸಿದರು. ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡುವ ಗೊಂಬೆ ಬಹುಕಾಲ ಗಂಡಸಿನ ಅಳತೆಯದ್ದೇ ಆಗಿತ್ತು. ನಮ್ಮಲ್ಲಿ 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ನಡೆಯುತ್ತಿದೆ. ನೋಡುತ್ತಿರುವ ಕಾರಿಗೆ ಎಷ್ಟು ನಕ್ಷತ್ರ, ದೊಡ್ಡವರಿಗೆ ಎಷ್ಟು, ಮಕ್ಕಳಿಗೆ ಎಷ್ಟು ಎಂದು ಕೇಳಿದರೆ ಸೇಲ್ಸ್‌ನವನು ಬಣ್ಣದ ಮಾತು ನಿಲ್ಲಿಸುತ್ತಾನೆ. ಟೆಸ್ಟ್ ಡ್ರೈವ್ ಮಾಡುವುದು ಬೈಪಾಸಿನ ನುಣುಪು ರಸ್ತೆಯಲ್ಲಿ ಬೇಡ. ಕಾಲುವೆ ಪಕ್ಕದ ದಾರಿಯಂಥದ್ದೊಂದು ಎಲ್ಲ ಊರಲ್ಲೂ ಇರುತ್ತದೆ. ಐದು ಜನ ಕೂತು, ಹಂಪು ದಾಟಿಸಿ, ಅಡಿ ಬಡಿಯುತ್ತದೋ ನೋಡಬೇಕು. ಎ.ಸಿ.ಯನ್ನು ಮಧ್ಯಾಹ್ನ ಒಂದು ಗಂಟೆಗೆ ಪರೀಕ್ಷಿಸಬೇಕು, ಹಿಂದಿನ ಸೀಟಿಗೆ ಅತ್ತೆಯನ್ನೋ ಅವ್ವನನ್ನೋ ಹತ್ತಿಸಿ ಇಳಿಸಬೇಕು.

ಕಾರನ್ನು ಅಲಂಕರಿಸುವ ಮೊದಲೇ, ನೋಂದಣಿಗೂ ಮೊದಲೇ, ಯಾರ್ಡಿನಲ್ಲಿ ಹಗಲು ಬೆಳಕಿನಲ್ಲಿ ನೋಡುವುದು ಹಕ್ಕು ಎಂದೇ ತಿಳಿಯಬೇಕು. ಹಾರ ಹಾಕಿ, ದೀಪ ಹಾಕಿ ತೋರಿಸಿದ ಕಾರಿನಲ್ಲಿ ಗೀರು ಕಾಣದು. ಹದಿನೇಳು ಅಕ್ಷರ ಅಂಕಿಗಳ ಚಾಸಿ ನಂಬರನ್ನು ಫಾರ್ಮ್ 21 ಎಂಬ ಮಾರಾಟ ಪತ್ರದಲ್ಲಿರುವುದರ ಜೊತೆ ತಾಳೆ ನೋಡಬೇಕು. ಕಾರು ತಯಾರಾದ ತಿಂಗಳು, ವರ್ಷ ಆ ಪತ್ರದಲ್ಲೇ ಇರುತ್ತದೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಯ ಒಂದು ಗುರುತಿದೆ: 1225 ಎಂದಿದ್ದರೆ 2025ರ ಹನ್ನೆರಡನೇ ವಾರದಲ್ಲಿ ತಯಾರಾದ ಟೈರು. ಕಾರಿನ ವಯಸ್ಸಿಗೂ ಟೈರಿನ ವಯಸ್ಸಿಗೂ ಹೊಂದದಿದ್ದರೆ ಕೇಳಬೇಕು. ಮೀಟರು ನೂರಾರು ಕಿಲೋಮೀಟರ್ ತೋರಿಸುತ್ತಿದ್ದರೂ ಕೇಳಬೇಕು. ಸ್ಟೆಪ್ನಿ, ಜಾಕು, ಪಾನಾ ಎಲ್ಲಿವೆ ಎಂದು ತೋರಿಸುವಾಗ ಹುಡುಗರು ಅಭ್ಯಾಸಬಲದಿಂದ ಗಂಡಸರನ್ನು ಕರೆದು ತೋರಿಸುತ್ತಾರೆ. ಓಡಿಸುವವಳು ಬಗ್ಗಿ ನೋಡಲಿ, ಒಂದು ಬೋಲ್ಟಾದರೂ ತಿರುವಲಿ. ಕೆಂಭಾವಿ ಶಹಾಪುರ ನಡುವೆ ಸಂಜೆ ಏಳರ ಮೇಲೆ ಗಾಳಿ ಹೋದರೆ ಅದು ನೆನಪಿಗೆ ಬರುತ್ತದೆ. ನಂಬರಿಲ್ಲದ ಕಾರನ್ನು “ನಾಳೆ ಪ್ಲೇಟು ಕಳಿಸ್ತೀವ್ರೀ” ಎಂಬ ಭರವಸೆಯಲ್ಲಿ ತರಬಾರದು. ತಾತ್ಕಾಲಿಕವೋ ಕಾಯಮ್ಮೋ, ನೋಂದಣಿ ಇಲ್ಲದೆ ಕಾರನ್ನು ಗ್ರಾಹಕರ ಕೈಗೆ ಕೊಡುವಂತಿಲ್ಲ ಎಂಬುದು ಡೀಲರಿಗಿರುವ ಕಾನೂನು. ಅತಿ ಸುರಕ್ಷಿತ ನಂಬರ್ ಪ್ಲೇಟನ್ನೂ 2019ರ ಏಪ್ರಿಲ್‌ನಿಂದ ಹೊಸ ಕಾರಿಗೆ ಡೀಲರನೇ ಹಾಕಿಕೊಡಬೇಕು.

ಜಗಳ ಬಂದರೆ ಕಲಬುರಗಿಗೋ ಬೆಂಗಳೂರಿಗೋ ಅಲೆಯಬೇಕಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. 2020ರ ಜುಲೈ 20ರಂದು ಜಾರಿಯಾದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ಅಲೆದಾಟವನ್ನು ತಪ್ಪಿಸಿದೆ. ಡೀಲರು ಎಲ್ಲಿಯವನೇ ಇರಲಿ, ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಂಡ ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಗಡುವು ಎರಡು ವರ್ಷ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕಂಪನಿ ದೊಡ್ಡದು, ನಾವು ಸಣ್ಣವರು ಎಂಬ ಅಂಜಿಕೆಯೂ ಬೇಡ. ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯದ ಒಂದು ಕಾರಿನ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಹಕನ ಪರವಾಗಿ ನಿಂತು, ತಯಾರಕ ಕಂಪನಿ ಕೊಡಬೇಕಾದ ಪರಿಹಾರವನ್ನು ಎತ್ತಿಹಿಡಿಯಿತು.

ಇನ್ನು ಹೆಸರಿನ ಮಾತು. ಕಾರ್ಲ್ ಬೆಂಝ್ 1886ರಲ್ಲಿ ಮೋಟಾರು ಬಂಡಿಗೆ ಪೇಟೆಂಟ್ ಪಡೆದಾಗ ಅದು ಅವನ ಹೆಸರಿನಲ್ಲೇ ಇತ್ತು. ಆದರೆ ಅವನ ಕಾರ್ಖಾನೆ ನಿಂತದ್ದು ಹೆಂಡತಿ ಬೆರ್ತಾ ತವರಿನಿಂದ ತಂದ ಹಣದ ಮೇಲೆ. ಬಂಡಿಯನ್ನು ಜನ ನಂಬದಿದ್ದಾಗ 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿಕೊಂಡು ಹೋದವಳು ಆಕೆ. ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು, ಕಟ್ಟಿಕೊಂಡ ನಳಿಕೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು, ಸವೆದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದಳು. ಜಗತ್ತಿನ ಮೊದಲ ದೂರ ಪ್ರಯಾಣದ ಕಾರು ಚಾಲಕಿ, ಮೊದಲ ಮೆಕ್ಯಾನಿಕ್ಕೂ ಅವಳೇ ಎನ್ನಬೇಕು.  

ಕಂತು ಅವಳದು, ಓಡಿಸುವವಳು ಅವಳು, ಆರ್‌ಸಿ ಮಾತ್ರ ಅವನ ಹೆಸರಿನಲ್ಲಿ ಎಂಬುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಅದಕ್ಕೆ ಲೆಕ್ಕದ ಪರಿಣಾಮಗಳೂ ಇವೆ. ಮಾಲೀಕ ಚಾಲಕರಿಗೆ ಸಿಗುವ 15 ಲಕ್ಷದ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿದ್ದು ಲೈಸೆನ್ಸೂ ಇರುವವರಿಗೆ. ಹೆಸರಿಲ್ಲದೆ ದಿನಾ ಓಡಿಸುವವಳಿಗೆ ಅದು ದಕ್ಕುವುದಿಲ್ಲ. ವಿಮೆಯ ನೋ ಕ್ಲೇಮ್ ಬೋನಸ್ ಬೆಳೆಯುವುದೂ ಮಾಲೀಕರ ಹೆಸರಿಗೆ. 2021ರಿಂದ ಆರ್‌ಸಿಯಲ್ಲಿ ನಾಮಿನಿಯನ್ನು ನಮೂದಿಸಲು ಅವಕಾಶವಾಗಿದೆ, ಗಂಡನ ಹೆಸರನ್ನು ಅಲ್ಲಿ ಬರೆಸಲು ಯಾರ ಅಡ್ಡಿಯೂ ಇಲ್ಲ. ಶೋರೂಮಿನವರು ಸಹಿಗಾಗಿ ಒಂದರ ಮೇಲೊಂದು ಹಾಳೆ ತಿರುವುವಾಗ ಅದರಲ್ಲಿ ನೋಂದಣಿಯ ಅರ್ಜಿ, ಫಾರ್ಮ್ 20, ಬರುತ್ತದೆ. ಅದರ ಮೊದಲ ಖಾನೆಯೇ ಮಾಲೀಕರ ಪೂರ್ತಿ ಹೆಸರು. ಅಲ್ಲಿ ಬೆರಳಿಟ್ಟು, ಆಧಾರ್‌ನಲ್ಲಿರುವ ಕಾಗುಣಿತವೇ ಇದೆಯೇ ಎಂದು ಓದಿ, ಆಮೇಲೆ ಸಹಿ ಮಾಡಿ. ಆ ಹೆಸರನ್ನು ಮುಂದೆ ಬದಲಿಸಬೇಕೆಂದರೆ ಫಾರ್ಮ್ 29, ಫಾರ್ಮ್ 30, ಮತ್ತೆ ಶುಲ್ಕ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು.